ಸೇರುವ ಮುನ್ನ ನೋಡಿ ಬನ್ನಿ: ಗ್ರಾಮೀಣ ವಿದ್ಯಾರ್ಥಿಗಳಿಗೆ ಕಾಲೇಜು ದರ್ಶನದ ಕೈಪಿಡಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಾನೆ. ಸಂಬಂಧ ಬೆಳೆಸುವ ಮೊದಲು ಹಿರಿಯರು ಮನೆತನ ವಿಚಾರಿಸಿ, ಮನೆ ನೋಡಿ ಬರುತ್ತಾರೆ. ಆದರೆ ಮಗನ ಅಥವಾ ಮಗಳ ಬಾಳಿನ ಮೂರು ನಾಲ್ಕು ವರ್ಷಗಳನ್ನು ಒಪ್ಪಿಸಿಕೊಡುವ ಕಾಲೇಜನ್ನು ಮಾತ್ರ ನಮ್ಮ ಎಷ್ಟೋ ಕುಟುಂಬಗಳು ಪ್ರವೇಶದ ದಿನವೇ ಮೊದಲ ಬಾರಿ ಕಾಣುತ್ತವೆ. ಯಾರೋ ಹೇಳಿದ ಮಾತು, ರಸ್ತೆ ಬದಿಯ ಫಲಕ, ಗೆಳೆಯರು ಸೇರಿದರೆಂಬ ಕಾರಣ, ಇವುಗಳ ಮೇಲೆಯೇ ನಿರ್ಧಾರ ಮುಗಿದಿರುತ್ತದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಿಂದ ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮಕ್ಕಳಿಗೆ ಬುದ್ಧಿಶಕ್ತಿಯ ಕೊರತೆ ಇಲ್ಲ. ಅವರನ್ನು ಮೊದಲ ವರ್ಷದಲ್ಲಿ ಕಾಡುವುದು ಅಪರಿಚಿತತೆ. ಕಚೇರಿ ಎಲ್ಲಿದೆ, ಯಾರನ್ನು ಕೇಳಬೇಕು, ಇಂಗ್ಲಿಷಿನಲ್ಲಿ ನಡೆಯುವ ಪಾಠವನ್ನು ಹೇಗೆ ಹಿಡಿಯಬೇಕು, ಸಂಜೆಯ ಬಸ್ಸು ತಪ್ಪಿದರೆ ಏನು ಮಾಡಬೇಕು ಎಂಬ ಸಣ್ಣ ಸಣ್ಣ ಅಂಜಿಕೆಗಳು ಒಂದರ ಮೇಲೊಂದು ಕೂಡಿಕೊಂಡು, ಓದನ್ನೇ ಬಿಟ್ಟು ಮನೆಗೆ ಮರಳುವ ಯೋಚನೆ ಹುಟ್ಟಿಸುತ್ತವೆ. ಸೇರುವ ಮೊದಲೇ ಒಂದು ದಿನ ಕಾಲೇಜಿನ ಅಂಗಳದಲ್ಲಿ ಕಳೆದ ವಿದ್ಯಾರ್ಥಿಗೆ ಈ ಅಂಜಿಕೆಯ ಬಹುಪಾಲು ಕಳೆಯುತ್ತದೆ. ಆ ಒಂದು ದಿನವನ್ನು ಸಾರ್ಥಕವಾಗಿ ಕಳೆಯುವ ಬಗೆಯನ್ನು ಭಕ್ತ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಕಟ್ಟಿದವರು ನಮ್ಮ ಹಿರಿಯರೇ

ದರ್ಶನಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಹೇಳಬೇಕಾದ ಮೊದಲ ಮಾತು ಇದು: ಆ ದೊಡ್ಡ ಕಟ್ಟಡಗಳು ಪರರವಲ್ಲ. ಹಳ್ಳಿಗರ ದಾನ, ದುಡಿಮೆ ಮತ್ತು ದೂರದೃಷ್ಟಿಯಿಂದಲೇ ಈ ಭಾಗದ ಉನ್ನತ ಶಿಕ್ಷಣ ನೆಲೆಗೊಂಡಿತು.

1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಸ್ಥಾಪನೆಯಾಗಿ, ಬಡ ವಿದ್ಯಾರ್ಥಿಗಳ ಓದಿಗೆ ನೆರವಾಯಿತು. 1904ರಲ್ಲಿ ಧಾರವಾಡದಲ್ಲಿಯೇ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದ ಶಿರಸಂಗಿಯ ಲಿಂಗರಾಜ ದೇಸಾಯಿಯವರು, 1906ರಲ್ಲಿ ಲಿಂಗೈಕ್ಯರಾಗುವ ಮುನ್ನ, ತಮ್ಮ ಸಂಸ್ಥಾನದ ಆಸ್ತಿಯು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟರು. ಅವರ ಇಚ್ಛೆಯನ್ನು ನಡೆಸಿಕೊಂಡು ಬಂದ ಟ್ರಸ್ಟಿನ ಹೆಸರಿನಲ್ಲಿ ಶಿರಸಂಗಿಯ ಜೊತೆಗೆ ನವಲಗುಂದದ ಹೆಸರೂ ಕೂಡಿಕೊಂಡಿರುವುದನ್ನು ನವಲಗುಂದದ ಮಕ್ಕಳು ಅರಿಯಬೇಕು.

1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆ.ಎಲ್.ಇ. ಸಂಸ್ಥೆ, ಹುಟ್ಟಿತು. ಅದನ್ನು ಕಟ್ಟಿದ ಏಳು ಮಂದಿಯನ್ನು ಜನ ಇಂದಿಗೂ ಸಪ್ತರ್ಷಿಗಳೆಂದು ನೆನೆಯುತ್ತಾರೆ. ಮರುವರ್ಷ, 1917ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಆ ಕಾಲೇಜಿಗಾಗಿ ಜನರಿಂದ ಧನ ಕೂಡಿಸುವ ಕಾರ್ಯದಲ್ಲಿ ಅರಟಾಳ ರುದ್ರಗೌಡರು ಮುಂದಾಳಾಗಿದ್ದರು. ಊರಿಂದ ಬಂದ ವಿದ್ಯಾರ್ಥಿಗೆ ಪಟ್ಟಣದಲ್ಲಿ ಊಟ ಮತ್ತು ವಸತಿ ದೊರೆಯದಿದ್ದರೆ ಕಾಲೇಜು ಇದ್ದೂ ಇಲ್ಲದಂತೆ. ಆ ಕೊರತೆಯನ್ನು ನೀಗಿಸಿದ್ದು ಧಾರವಾಡದ ಮುರುಘಾಮಠದಂತಹ ಮಠಗಳ ಪ್ರಸಾದ ನಿಲಯಗಳು. ಪೂಜ್ಯ ಮೃತ್ಯುಂಜಯ ಅಪ್ಪಗಳವರ ಕಾಲದಲ್ಲಿ ಆ ನಿಲಯದಲ್ಲಿ ಉಂಡು ಓದಿದವರು ಮುಂದೆ ನಾಡಿನ ನಾನಾ ರಂಗಗಳಲ್ಲಿ ಹೆಸರಾದರು.

ಈ ಇತಿಹಾಸವನ್ನು ತಿಳಿದು ಹೋಗುವ ಮಗು ಕಾಲೇಜಿನ ಬಾಗಿಲಲ್ಲಿ ಅಳುಕುತ್ತ ನಿಲ್ಲುವುದಿಲ್ಲ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಗ ಬಂದಂತೆ ಒಳಗೆ ಹೋಗುತ್ತದೆ.

ಯಾವಾಗ, ಯಾರೊಂದಿಗೆ ಹೋಗಬೇಕು

ಫಲಿತಾಂಶ ಬಂದ ಮೇಲೆ ಹೋಗುವುದು ತಡವಾದಂತೆ. ಆಗ ಕಚೇರಿಯ ಮುಂದೆ ಸಾಲು ಇರುತ್ತದೆ, ಉತ್ತರಿಸಲು ಯಾರಿಗೂ ವ್ಯವಧಾನವಿರುವುದಿಲ್ಲ, ತರಗತಿಗಳೂ ನಡೆಯುತ್ತಿರುವುದಿಲ್ಲ. ಪದವಿಗೆ ಸೇರಲಿರುವವರಿಗೆ ಪ್ರಥಮ ಪಿಯುಸಿ ವರ್ಷವೇ ಯೋಗ್ಯ ಕಾಲ. ಹಿಂಗಾರಿ ಬಿತ್ತನೆಯ ಅವಸರ ಮುಗಿದು, ಸುಗ್ಗಿ ಇನ್ನೂ ಆರಂಭವಾಗದ ದಿನಗಳಲ್ಲಿ ಪಾಲಕರಿಗೂ ಬಿಡುವು ಸಿಗುತ್ತದೆ. ಡಿಪ್ಲೊಮಾ ಅಥವಾ ಐಟಿಐ ಆಲೋಚಿಸುವವರು ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿರುವಾಗಲೇ ಹೋಗಿ ಬರುವುದು ಲೇಸು.

ರಜಾ ದಿನವನ್ನು ಆರಿಸಬಾರದು. ಪಾಠ ನಡೆಯುವ ದಿನ, ಮೊದಲೇ ಪ್ರಾಚಾರ್ಯರಿಗೆ ಪತ್ರ ಬರೆದು ಅಥವಾ ದೂರವಾಣಿಯಲ್ಲಿ ಅನುಮತಿ ಪಡೆದು ಹೋಗಬೇಕು. ತಂದೆಯೊಬ್ಬರೇ ಹೋಗಿ ಬಂದು ವರದಿ ಒಪ್ಪಿಸುವ ಪದ್ಧತಿ ಸಾಲದು. ವಿದ್ಯಾರ್ಥಿ ಇರಲೇಬೇಕು, ತಾಯಿಯೂ ಜೊತೆಗಿದ್ದರೆ ಉತ್ತಮ. ಮಗಳನ್ನು ಕಳುಹಿಸಬೇಕೋ ಬೇಡವೋ ಎಂಬ ಮಾತಿಗೆ ಮನೆಯಲ್ಲಿ ಕೊನೆಯ ತೂಕ ಬರುವುದು ತಾಯಿಯ ಮನಸ್ಸಿಗೆ ಧೈರ್ಯ ಬಂದಾಗಲೇ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿರುವುದರಿಂದ ತಾಯಿ-ಮಗಳ ಪ್ರಯಾಣಕ್ಕೆ ಖರ್ಚಿನ ಅಡ್ಡಿಯೂ ಇಲ್ಲ.

ಹೋಗುವ ದಿನ ಬಾಡಿಗೆ ಕಾರಿಗಿಂತ ನಿತ್ಯದ ಬಸ್ಸು ಅಥವಾ ರೈಲು ಹಿಡಿಯುವುದು ಮೇಲು. ಅಣ್ಣಿಗೇರಿಗೆ ಹುಬ್ಬಳ್ಳಿ-ಗದಗ ರೈಲುಮಾರ್ಗವಿದೆ. ಕುಂದಗೋಳಕ್ಕೆ ಹುಬ್ಬಳ್ಳಿ-ಬೆಂಗಳೂರು ಮಾರ್ಗದ ನಿಲ್ದಾಣವಿದೆ. ನವಲಗುಂದ ಮತ್ತು ಕಲಘಟಗಿಯವರಿಗೆ ಬಸ್ಸೇ ಆಧಾರ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸುಗಳಿವೆ. ಮುಂದೆ ನಿತ್ಯ ಸಾಗಬೇಕಾದ ದಾರಿಯನ್ನು ಮಗು ಅಂದೇ ಒಮ್ಮೆ ಸಾಗಿ ನೋಡಿದರೆ, ಎಷ್ಟು ಹೊತ್ತು ಬೇಕು, ಎಲ್ಲಿ ಬಸ್ಸು ಬದಲಿಸಬೇಕು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದು ಅನುಭವಕ್ಕೆ ಬರುತ್ತದೆ.

ಎಲ್ಲಿ ಏನು ನೋಡಬೇಕು

ಕರ್ನಾಟಕ ಕಾಲೇಜು, ಧಾರವಾಡ: ಕಲೆ ಮತ್ತು ವಿಜ್ಞಾನ ವ್ಯಾಸಂಗದ ಹಿರಿಯ ನೆಲೆ. ಇದರ ಮುಖ್ಯ ಕಟ್ಟಡ ಹಿಂದೆ ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿಯಾಗಿತ್ತು. ವಿ.ಕೃ. ಗೋಕಾಕರು ಇಲ್ಲಿ ಪ್ರಾಚಾರ್ಯರಾಗಿದ್ದರು. ಗಿರೀಶ ಕಾರ್ನಾಡರು 1958ರಲ್ಲಿ ಇಲ್ಲಿಂದಲೇ ಪದವಿ ಪಡೆದು, ಮುಂದೆ ಆಕ್ಸ್‌ಫರ್ಡಿಗೆ ಹೋದರು. ನಾಟಕಕಾರರಾಗಿ ಪ್ರಸಿದ್ಧರಾದ ಅವರು ಇಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಆರಿಸಿಕೊಂಡ ವಿಷಯ ಮನುಷ್ಯನನ್ನು ಕಟ್ಟಿಹಾಕುವುದಿಲ್ಲ ಎಂಬ ಧೈರ್ಯ ಅದರಿಂದ ಬರುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯ: 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, 1950ರಲ್ಲಿ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಗೋಕಾಕ ಸೀಮೆಯ ಹಳ್ಳಿಯಿಂದ ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ಖ್ಯಾತಿ ಪಡೆದವರು. ಆವರಣ ಇರುವ ಬಡಾವಣೆಗೆ ಪಾವಟೆನಗರವೆಂದೇ ಹೆಸರು. ಇಲ್ಲಿ ಗ್ರಂಥಾಲಯವನ್ನೂ, 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯವನ್ನೂ ತಪ್ಪದೆ ನೋಡಬೇಕು. ಆದಿಕವಿ ಪಂಪನ ನೆನಪಿನ ಊರಾದ ಅಣ್ಣಿಗೇರಿಯ ಮಕ್ಕಳಿಗೆ ಅಲ್ಲಿನ ಶಿಲ್ಪ, ಶಾಸನಗಳು ತಮ್ಮೂರಿನ ಕತೆಯ ಮುಂದುವರಿಕೆಯಾಗಿ ತೋರುತ್ತವೆ.

ಕೃಷಿ ವಿಶ್ವವಿದ್ಯಾಲಯ, ಧಾರವಾಡ: 1947ರ ಕೃಷಿ ಕಾಲೇಜಿನಿಂದ ಬೆಳೆದು, 1986ರ ಅಕ್ಟೋಬರ್ 1ರಂದು ವಿಶ್ವವಿದ್ಯಾಲಯವಾಯಿತು. ಬೆಳಗಾವಿ ರಸ್ತೆಯ ಯತ್ತಿನಗುಡ್ಡದಲ್ಲಿದೆ. ಇಲ್ಲಿ ನಡೆಯುವ ಕೃಷಿಮೇಳಕ್ಕೆ ನಮ್ಮ ರೈತರು ಹೇಗೂ ಹೋಗುತ್ತಾರೆ. ಬೀಜ, ಯಂತ್ರ ನೋಡಿ ಬರುವ ಆ ದಿನ ಮಕ್ಕಳನ್ನೂ ಕರೆದೊಯ್ದು, ಇಲ್ಲಿ ಓದುತ್ತಿರುವವರೊಂದಿಗೆ ಮಾತನಾಡಿಸಿದರೆ ಒಂದೇ ಪ್ರಯಾಣದಲ್ಲಿ ಎರಡು ಕೆಲಸ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಕೋಟಾ ಇದ್ದು, ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ. ಹೊಲದಲ್ಲಿ ಬೆಳೆದ ಮಗುವಿಗೆ ಇದು ಮನೆಯ ವಿದ್ಯೆ.

ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ತಾಂತ್ರಿಕ ಕಾಲೇಜು: 1947ರಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದ ಈ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ಭಾಗ. ದಾನಿಯ ಹೆಸರನ್ನೇ ಹೊತ್ತು ನಿಂತಿದೆ. ಇಲ್ಲಿ ಕಟ್ಟಡಗಳಿಗಿಂತ ಕಾರ್ಯಾಗಾರಗಳನ್ನು ನೋಡುವುದು ಮುಖ್ಯ.

ಐಐಟಿ ಧಾರವಾಡ: 2016ರಲ್ಲಿ ವಾಲ್ಮಿ ಸಂಸ್ಥೆಯ ಆವರಣದಲ್ಲಿ ಆರಂಭವಾಗಿ, ಈಗ ಚಿಕ್ಕಮಲ್ಲಿಗವಾಡದ ಬಳಿಯ ಸ್ವಂತ ಆವರಣದಲ್ಲಿದೆ. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದರು. ಪೂರ್ವಾನುಮತಿ ಪಡೆದು ಶಾಲೆಯ ಮೂಲಕ ಹೋಗುವುದು ಸರಿಯಾದ ದಾರಿ. ದೇಶದ ಬಹು ಕಠಿಣ ಪ್ರವೇಶ ಪರೀಕ್ಷೆಗಳಲ್ಲಿ ಒಂದನ್ನು ದಾಟಿ ಬಂದವರು ತಮ್ಮ ಜಿಲ್ಲೆಯಲ್ಲಿಯೇ ಓದುತ್ತಿದ್ದಾರೆಂಬುದನ್ನು ಎಂಟು-ಒಂಬತ್ತನೆಯ ತರಗತಿಯ ಮಕ್ಕಳು ಕಣ್ಣಾರೆ ಕಂಡರೆ ಸಿದ್ಧತೆಗೆ ಸಮಯವೂ ಉಳಿಯುತ್ತದೆ.

ಇವಲ್ಲದೆ ಕಾನೂನು ಓದುವವರು ಹುಬ್ಬಳ್ಳಿಯ ನವನಗರದಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವನ್ನು ನೋಡಬಹುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳನ್ನು ಪಟ್ಟಿಯಿಂದ ಬಿಡಬಾರದು. ಕಡಿಮೆ ಶುಲ್ಕದಲ್ಲಿ, ಮನೆಗೆ ಹತ್ತಿರದಲ್ಲಿ ಓದಿ ಬಾಳು ಕಟ್ಟಿಕೊಂಡವರು ಪ್ರತಿ ಊರಿನಲ್ಲಿಯೂ ಇದ್ದಾರೆ.

ನೆನಪಿನಲ್ಲಿ ಉಳಿಯುವ ದರ್ಶನ

ಸಾಲಾಗಿ ನಿಲ್ಲಿಸಿ, ಕಟ್ಟಡ ತೋರಿಸಿ, ಸಭಾಭವನದಲ್ಲಿ ಭಾಷಣ ಕೇಳಿಸಿ ಕಳುಹಿಸಿದರೆ ಮಕ್ಕಳಿಗೆ ನೆನಪಿರುವುದು ಭಾಷಣ ಮುಗಿದ ಮೇಲಿನ ಉಪಾಹಾರ ಮಾತ್ರ. ಮಗು ತಾನೇ ಏನನ್ನಾದರೂ ಮಾಡಿದಾಗ, ತನ್ನಂಥವರನ್ನು ಕಂಡಾಗ ಆ ದಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಶಾಲೆಗಳೂ, ಕಾಲೇಜುಗಳೂ, ಊರಿನ ಹಿರಿಯರೂ ಕೂಡಿ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕ್ರಮಗಳು ಇವು.

1. ತಾಲ್ಲೂಕಿನವರೇ ಮಾರ್ಗದರ್ಶಕರು: ಕುಂದಗೋಳದ ಮಕ್ಕಳನ್ನು ಅದೇ ತಾಲ್ಲೂಕಿನಿಂದ ಬಂದು ಓದುತ್ತಿರುವ ವಿದ್ಯಾರ್ಥಿಯೇ ಸುತ್ತಾಡಿಸಲಿ. ಪರದೇಶದ ವಿಶ್ವವಿದ್ಯಾಲಯಗಳಲ್ಲಿಯೂ ಭೇಟಿಗೆ ಬಂದವರನ್ನು ಓದುತ್ತಿರುವ ವಿದ್ಯಾರ್ಥಿಗಳೇ ಕರೆದೊಯ್ಯುವ ರೂಢಿಯಿದೆ. "ಅಕ್ಕಾ, ನೀವೂ ಕನ್ನಡ ಮಾಧ್ಯಮದಲ್ಲೇ ಓದಿದಿರಾ? ಮೊದಲ ತಿಂಗಳು ಹೇಗೆ ಕಳೆದಿರಿ?" ಎಂದು ಕೇಳಲು ಪ್ರಾಧ್ಯಾಪಕರ ಮುಂದೆ ಬಾರದ ಧೈರ್ಯ ಇವರ ಮುಂದೆ ಬರುತ್ತದೆ.

2. ಹೊಲದ ಮಣ್ಣು ಕೊಂಡೊಯ್ಯುವುದು: ಕೃಷಿ ಅಥವಾ ರಸಾಯನಶಾಸ್ತ್ರ ವಿಭಾಗಕ್ಕೆ ಹೋಗುವಾಗ ಪ್ರತಿಯೊಬ್ಬರೂ ತಮ್ಮ ಹೊಲದ ಹಿಡಿ ಮಣ್ಣನ್ನು ಚೀಲದಲ್ಲಿ ಒಯ್ಯಲಿ. ನವಲಗುಂದದ ಎರೆ ಮಣ್ಣನ್ನೂ, ಕಲಘಟಗಿಯ ಮಲೆನಾಡ ಸೆರಗಿನ ಮಣ್ಣನ್ನೂ ಅಕ್ಕಪಕ್ಕ ಇಟ್ಟು, ಅವುಗಳ ಆಮ್ಲ-ಕ್ಷಾರ ಗುಣವನ್ನು ಮಕ್ಕಳೇ ಅಳೆಯಲಿ. ಅಪ್ಪನ ಹೊಲಕ್ಕೂ ಪ್ರಯೋಗಾಲಯಕ್ಕೂ ಇರುವ ನಂಟು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

3. ಹುಡುಕುವ ಚೀಟಿ: ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಚೀಟಿ ಕೊಡಬೇಕು. ಗ್ರಂಥಾಲಯದಲ್ಲಿ ತಮ್ಮ ತಾಲ್ಲೂಕಿನ ಕುರಿತ ಒಂದು ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿ ಸಿಗುವ ಕಿಟಕಿ, ಕುಡಿಯುವ ನೀರಿನ ತಾಣ, ಮಹಿಳಾ ವಿಶ್ರಾಂತಿ ಕೊಠಡಿ, ಕಟ್ಟಡಕ್ಕೆ ಧನ ಕೊಟ್ಟವರ ಹೆಸರಿನ ಶಿಲೆ, ಇವುಗಳನ್ನು ತಾವೇ ಕೇಳಿಕೊಂಡು ಹುಡುಕಲಿ. ಅಪರಿಚಿತರನ್ನು ವಿನಯದಿಂದ ವಿಚಾರಿಸುವ ಅಭ್ಯಾಸವೂ ಆಟದೊಳಗೇ ಆಗುತ್ತದೆ.

4. ಒಂದು ತರಗತಿಯಲ್ಲಿ ಕುಳಿತುಕೊಳ್ಳುವುದು: ಪ್ರಾಚಾರ್ಯರ ಒಪ್ಪಿಗೆ ಪಡೆದು ಹಿಂದಿನ ಸಾಲಿನಲ್ಲಿ ಕುಳಿತು ಪೂರ್ತಿ ಒಂದು ಪಾಠ ಕೇಳಬೇಕು. ಎಲ್ಲವೂ ತಿಳಿಯಬೇಕಾಗಿಲ್ಲ. ಎಷ್ಟು ತಿಳಿಯಿತು, ಎಲ್ಲಿ ಭಾಷೆ ತೊಡಕಾಯಿತು ಎಂಬುದನ್ನು ಬರೆದುಕೊಂಡರೆ ಮುಂದಿನ ವರ್ಷದ ಸಿದ್ಧತೆಗೆ ಅದೇ ದಿಕ್ಸೂಚಿ.

5. ವಸತಿ ನಿಲಯದಲ್ಲಿ ಊಟ: ಪ್ರಸಾದ ನಿಲಯ ಅಥವಾ ವಸತಿ ನಿಲಯದಲ್ಲಿ ಮಕ್ಕಳೊಂದಿಗೆ ಪಂಕ್ತಿಯಲ್ಲಿ ಕುಳಿತು ಊಟ ಮಾಡಬೇಕು. ಕೊಠಡಿಯಲ್ಲಿ ಎಷ್ಟು ಜನ, ರಾತ್ರಿ ಓದಲು ದೀಪವಿದೆಯೇ, ಕಾಯಿಲೆಯಾದರೆ ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಅಲ್ಲಿಯೇ ಉತ್ತರ ಸಿಗುತ್ತದೆ.

ಪಾಲಕರು ಕೇಳಲೇಬೇಕಾದ ಪ್ರಶ್ನೆಗಳು

ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ತಾಂತ್ರಿಕ ವ್ಯಾಸಂಗವಾದರೆ ಎಐಸಿಟಿಇ ಮಾನ್ಯತೆ ಇದೆಯೇ? ಪತ್ರವನ್ನು ನೋಡಲು ಕೇಳುವುದು ಅಗೌರವವಲ್ಲ.

ಒಟ್ಟು ಶುಲ್ಕ ಎಷ್ಟು? ಮೊದಲ ವರ್ಷದ್ದಷ್ಟೇ ಅಲ್ಲ, ಎಲ್ಲ ವರ್ಷಗಳ ಶುಲ್ಕ, ಪರೀಕ್ಷಾ ಶುಲ್ಕ, ವಸತಿ, ಊಟ, ಪುಸ್ತಕ ಸೇರಿಸಿ ಬರೆದುಕೊಳ್ಳಬೇಕು. ರಸೀದಿ ಇಲ್ಲದೆ ಹಣ ಕೊಡಬಾರದು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೇ ಇದೆ.

ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಮರಳಿಸುತ್ತಾರೆಯೇ? ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಸೂಚನೆ ಹೊರಡಿಸಿದೆ.

ಯಾವ ವಿದ್ಯಾರ್ಥಿವೇತನ ದೊರೆಯುತ್ತದೆ, ಅರ್ಜಿಗೆ ನೆರವಾಗುವವರು ಯಾರು? 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ವ್ಯಾಸಂಗಕ್ಕೆ ಅನುಗುಣವಾಗಿ ವರ್ಷಕ್ಕೆ 2,500 ರೂಪಾಯಿಯಿಂದ 11,000 ರೂಪಾಯಿಯವರೆಗೆ ನಿಗದಿಪಡಿಸಲಾಗಿತ್ತು. ಸದ್ಯದ ನಿಯಮವನ್ನು ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಕಲಿಸಲು ಪ್ರತ್ಯೇಕ ತರಗತಿ ಇದೆಯೇ? ಹಿಂದಿನ ವರ್ಷ ಓದು ಮುಗಿಸಿದವರು ಈಗ ಎಲ್ಲಿದ್ದಾರೆ? "ನೂರಕ್ಕೆ ನೂರು ನೌಕರಿ" ಎಂದು ಹೇಳುವವರನ್ನು ನಾಲ್ಕು ಜನರ ಹೆಸರು ಮತ್ತು ಕೆಲಸದ ಸ್ಥಳ ಕೇಳಬೇಕು.

ಹೆಣ್ಣುಮಕ್ಕಳ ಪಾಲಕರಿಗೆ ವಿಶೇಷ ಸೂಚನೆ

ಸುಧಾ ಮೂರ್ತಿಯವರು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದಾಗ ಅವರ ತರಗತಿಯಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ. ಮಹಿಳೆಯರಿಗಾಗಿ ಶೌಚಾಲಯವೂ ಆಗ ಇರಲಿಲ್ಲವೆಂದು ಅವರು ಬರೆದಿದ್ದಾರೆ. ಆ ಕಾಲ ಇಂದು ಇಲ್ಲ. ಆದರೂ ಮಗಳ ಓದು ನಡುವೆ ನಿಲ್ಲುವುದಕ್ಕೆ ಅಂಕಗಳಿಗಿಂತ ಇಂತಹ ಸಂಗತಿಗಳೇ ಇಂದಿಗೂ ಕಾರಣವಾಗುವುದುಂಟು. ಆದ್ದರಿಂದ ಶೌಚಾಲಯಕ್ಕೆ ತಾಯಿ ತಾನೇ ಹೋಗಿ ನೀರಿದೆಯೇ, ಸ್ವಚ್ಛವಿದೆಯೇ, ಬಾಗಿಲಿಗೆ ಅಗಳಿ ಇದೆಯೇ ಎಂದು ನೋಡಬೇಕು. ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ, ಕಾಲೇಜಿನಿಂದ ವಸತಿ ನಿಲಯದವರೆಗೆ ನಡೆದು ನೋಡಬೇಕು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಮತ್ತು ರ‍್ಯಾಗಿಂಗ್ ತಡೆ ಸಮಿತಿ ಪ್ರತಿ ಕಾಲೇಜಿನಲ್ಲಿಯೂ ಇರಬೇಕಾದವು. ಅವುಗಳ ಸದಸ್ಯರ ಹೆಸರು ಫಲಕದಲ್ಲಿದೆಯೇ ಎಂದು ಗಮನಿಸಬೇಕು.

ಇವೆಲ್ಲವನ್ನೂ ನೋಡುವ ಉದ್ದೇಶ ಕೊರತೆ ಹುಡುಕಿ ಮಗಳನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದಲ್ಲ. ಒಂದು ಕಡೆ ಅನುಕೂಲವಿಲ್ಲದಿದ್ದರೆ ಅನುಕೂಲವಿರುವ ಇನ್ನೊಂದನ್ನು ಹುಡುಕಿ ಅವಳನ್ನು ಓದಿಸುವುದು. ಹೆಣ್ಣಿಗೂ ಅರಿವಿನ ಬಾಗಿಲು ತೆರೆದ ಶರಣ ಪರಂಪರೆಯ ಮನೆಗಳಲ್ಲಿ ದೂರ ಮತ್ತು ಭಯದ ನೆಪದಿಂದ ಮಗಳ ಓದು ನಿಲ್ಲಬಾರದು.

ಊರು ಮತ್ತು ಮಠ ಮಾಡಬಹುದಾದದ್ದು

ಒಂಟಿ ಕುಟುಂಬಕ್ಕೆ ಕಷ್ಟವೆನಿಸುವುದು ಊರು ಕೂಡಿದರೆ ಸುಲಭ. ಪ್ರತಿ ಗ್ರಾಮದಲ್ಲಿ ಕಾಲೇಜು ಓದಿದವರ ಮತ್ತು ಓದುತ್ತಿರುವವರ ಒಂದು ಪಟ್ಟಿ ಮಾಡಿ, ಯಾವ ಊರಿನ ಯಾವ ಕಾಲೇಜಿನಲ್ಲಿದ್ದಾರೆಂದು ಬರೆದಿಡಬಹುದು. ವರ್ಷಕ್ಕೊಮ್ಮೆ ನಾಲ್ಕೈದು ಹಳ್ಳಿಗಳ ಮಕ್ಕಳನ್ನು ಪಾಲಕರೊಂದಿಗೆ ಒಂದೇ ಬಸ್ಸಿನಲ್ಲಿ ಕಳುಹಿಸಬಹುದು. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಕಾಲೇಜು ಬೇಡ. ಮುಂಜಾನೆ ಒಂದು, ಬುತ್ತಿಯ ನಂತರ ಇನ್ನೊಂದು. ನಾಲ್ಕು ಕಡೆ ಓಡಾಡಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಅನ್ನ ದಾಸೋಹದ ಜೊತೆಗೆ ಜ್ಞಾನ ದಾಸೋಹವನ್ನು ನಡೆಸಿಕೊಂಡು ಬಂದ ಪರಂಪರೆಗೆ ಬಸ್ಸಿನ ಬಾಡಿಗೆಯನ್ನು ಭರಿಸುವುದೂ ದಾಸೋಹವೇ. ಮದುವೆ, ಹುಟ್ಟುಹಬ್ಬಗಳ ನೆನಪಿಗೆ ಭಕ್ತರು ಇದನ್ನು ವಹಿಸಿಕೊಳ್ಳಬಹುದು.

ಮರಳಿ ಬಂದ ಮೇಲೆ

ಅಂದು ರಾತ್ರಿಯೇ ನಿರ್ಧಾರ ಮಾಡಬೇಕಾಗಿಲ್ಲ. ಮರುದಿನ ಮನೆಯವರೆಲ್ಲ ಕುಳಿತಾಗ ಮೊದಲು ಮಗು ಮಾತನಾಡಲಿ, ಹಿರಿಯರು ನಂತರ ಮಾತನಾಡಲಿ. ಅಪ್ಪ ಮೊದಲು ಅಭಿಪ್ರಾಯ ಹೇಳಿದರೆ ಮಗು ತನ್ನದನ್ನು ನುಂಗಿಕೊಳ್ಳುತ್ತದೆ. ಏನು ಹಿಡಿಸಿತು, ಏನು ಅಂಜಿಕೆ ಹುಟ್ಟಿಸಿತು, ಇನ್ನೂ ಏನು ತಿಳಿಯಬೇಕು ಎಂಬ ಮೂರು ಸಾಲುಗಳನ್ನು ಮಗು ವಹಿಯಲ್ಲಿ ಬರೆದಿಡಲಿ. ದಾರಿ ತೋರಿಸಿದ ಹಿರಿಯ ವಿದ್ಯಾರ್ಥಿಗೆ ಒಂದು ಕೃತಜ್ಞತೆಯ ಮಾತು ತಿಳಿಸಲಿ. ಪ್ರವೇಶದ ದಿನ ಆ ಆವರಣದಲ್ಲಿ ಹೆಸರು ಹಿಡಿದು ಕರೆಯುವ ಒಬ್ಬರಾದರೂ ಆಗ ಇರುತ್ತಾರೆ. ಮುಂದೆ ಅದೇ ಮಗು ತನ್ನ ತಾಲ್ಲೂಕಿನಿಂದ ಬರುವ ಕಿರಿಯರಿಗೆ ದಾರಿ ತೋರಿಸಲು ಬಾಗಿಲಲ್ಲಿ ನಿಲ್ಲುವಂತಾಗಲಿ.